ಮರದ ಮೆಟ್ಟಿನ ಅಪರಿಚಿತ

ಈಚೆಗೆ ನನ್ನ ಮೇಜಿಗೆ ಬರುವ ಫ್ಯಾಂಟಸಿ ಕಾದಂಬರಿಗಳ ಹಸ್ತಪ್ರತಿ ತೆರೆದರೆ ಮೊದಲು ಸಿಗುವುದು ನಕ್ಷೆ. ಆಮೇಲೆ ರಾಜವಂಶಗಳ ವಂಶಾವಳಿ, ಕೆಲವೊಮ್ಮೆ ಒಂದು ಹೊಸ ಲಿಪಿ. ಕತೆಯ ಹುಡುಗಿ ಮಾತಾಡುವ ಹೊತ್ತಿಗೆ ಅರವತ್ತು ಪುಟ ಕಳೆದಿರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಬರೆದವರು ಟೋಲ್ಕಿನ್ ಹೆಸರು ಹೇಳುತ್ತಾರೆ: ಅವರು ಮೊದಲು ಲೋಕ ಕಟ್ಟಿ, ಆಮೇಲೆ ಅದರೊಳಗೆ ಜನರನ್ನು ಬಿಟ್ಟರಂತೆ. ಅವರ ಕರಡುಗಳನ್ನು ಓದಿದವರು ಹಾಗೆ ಹೇಳಲಾರರು.

ಲೋಕ ಮೊದಲೇ ಇತ್ತು, ನಿಜ. ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಜೆ.ಆರ್.ಆರ್. ಟೋಲ್ಕಿನ್ ಮೊದಲ ಮಹಾಯುದ್ಧದ ಕಾಲದಿಂದಲೂ ಎಲ್ಫ್‌ಗಳ ಭಾಷೆ, ಪುರಾಣಗಳನ್ನು ಬರೆದಿಡುತ್ತ ಬಂದಿದ್ದರು. 1937ರ ಸೆಪ್ಟೆಂಬರ್‌ನಲ್ಲಿ ಬಂದ ‘ದಿ ಹಾಬಿಟ್’ ಗೆದ್ದಾಗ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಮುಂದಿನ ಪುಸ್ತಕ ಕೇಳಿದರು. ಟೋಲ್ಕಿನ್ ಕೊಟ್ಟದ್ದು ಆ ಪುರಾಣದ ಕಟ್ಟನ್ನೇ. ಅದು ವಾಪಸು ಬಂತು. ಓದುಗರಿಗೆ ಬೇಕಿದ್ದದ್ದು ಮೊದಲ ಪುಸ್ತಕದ ಕುಳ್ಳ ಜನರಾದ ಹಾಬಿಟ್‌ಗಳು. ಡಿಸೆಂಬರ್‌ನಲ್ಲಿ ಒಂದು ಹುಟ್ಟುಹಬ್ಬದ ಔತಣದಿಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಶುರುವಾಯಿತು. ಕತೆಯ ಕೇಂದ್ರವಾದ ಉಂಗುರ ಎಂಥದ್ದೆಂದು ಬರೆಯುತ್ತಿದ್ದವರಿಗೇ ಆಗ ಗೊತ್ತಿರಲಿಲ್ಲ.

ಬ್ರೀ ಊರಿನ ಛತ್ರದ ಪ್ರಸಂಗವನ್ನಂತೂ ಹೊಸಬರೆಲ್ಲ ಕರಡಿನಲ್ಲೇ ಓದಬೇಕು. ಮೂಲೆಯಲ್ಲಿ ಒಬ್ಬ ಅಪರಿಚಿತ ಕೂತಿದ್ದಾನೆ. ಕಂದು ಮುಖದ ಹಾಬಿಟ್, ಕಾಲಿಗೆ ಮರದ ಮೆಟ್ಟು, ಹೆಸರು ಟ್ರಾಟರ್. ಅವನು ಅಲ್ಲಿಗೆ ಬಂದದ್ದೇನೋ ಆಯಿತು, ಆದರೆ ಯಾರವನು? ವೇಷ ಮರೆಸಿಕೊಂಡ, ‘ದಿ ಹಾಬಿಟ್’ನ ನಾಯಕ ಬಿಲ್ಬೋ ಇರಬಹುದೇ? ಶತ್ರುವಿನ ನಾಡಾದ ಮೊರ್ಡೋರ್‌ನಲ್ಲಿ ಚಿತ್ರಹಿಂಸೆಗೆ ಸಿಕ್ಕಿ ಕಾಲು ಕಳೆದುಕೊಂಡವನೇ? ಟೋಲ್ಕಿನ್ ಬರೆದು, ಹೊಡೆದುಹಾಕಿ, ಮತ್ತೆ ಬರೆದರು. ಕೊನೆಗೆ ಅವನು ಮನುಷ್ಯನಾದ. ಅದಕ್ಕೂ ಮೊದಲೇ ಕಲ್ಪಿಸಿಟ್ಟಿದ್ದ, ಕಡಲಲ್ಲಿ ಮುಳುಗಿದ ನೂಮೆನೋರ್ ದ್ವೀಪದ ರಾಜವಂಶ ಅವನಿಗೆ ಪೂರ್ವಿಕರನ್ನು ಕೊಟ್ಟಿತು. ಅಚ್ಚಾದ ಕತೆಯಲ್ಲಿ ನಾವು ಬಲ್ಲ ಅರಗಾರ್ನ್ ಹುಟ್ಟಿದ್ದು ಹೀಗೆ. ಮೆಟ್ಟು ಹೋಯಿತು, ಟ್ರಾಟರ್ ಎಂಬ ಹೆಸರು ಮಾತ್ರ ಕರಡುಗಳಲ್ಲಿ ಬಹಳ ಕಾಲ ಅಂಟಿಕೊಂಡೇ ಇತ್ತು. ಮಗ ಕ್ರಿಸ್ಟೋಫರ್ 1988ರಲ್ಲಿ ಈ ಮೊದಲ ಕರಡುಗಳನ್ನು ಅಚ್ಚಿಗೆ ಕೊಟ್ಟರು. ನನ್ನ ಕೆಲಸಕ್ಕೆ ಅದರಷ್ಟು ಒದಗಿದ ಪುಸ್ತಕ ಇನ್ನೊಂದಿಲ್ಲ.

ಲೋಕದ ಆಳವನ್ನು ನಾನು ಹಗುರ ಮಾಡುತ್ತಿಲ್ಲ. ಯುದ್ಧದ ದಿನಗಳ ಕಾಗದದ ಅಭಾವದಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದಾಗಲೂ ಟೋಲ್ಕಿನ್ ದಾರಿಯ ದೂರ, ದಿನ, ಚಂದ್ರನ ಕಲೆ ಎಲ್ಲವನ್ನೂ ಲೆಕ್ಕ ಹಾಕುತ್ತಿದ್ದರು. ಉಂಗುರ ಹೊತ್ತ ಫ್ರೋಡೋ ಒಂದು ಕಡೆ, ಗೆಳೆಯರು ಇನ್ನೊಂದು ಕಡೆ ನಡೆಯುವಾಗ ಎರಡೂ ಕಡೆ ಒಂದೇ ಚಂದ್ರ ಕಾಣಬೇಕಲ್ಲ! ಆ ಲೆಕ್ಕ ಬೇಕಾದದ್ದು ಜನ ನಡೆಯುತ್ತಿದ್ದುದರಿಂದ.

1944ರ ಮೇ ತಿಂಗಳಲ್ಲಿ, ವಾಯುಪಡೆಯ ತರಬೇತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದ ಕ್ರಿಸ್ಟೋಫರ್‌ಗೆ ಅಪ್ಪನಿಂದ ಒಂದು ಕಾಗದ ಹೋಯಿತು. ಇಥಿಲಿಯನ್ ಕಾಡಿನಲ್ಲಿ ತಾನು ಕರೆಯದ ವ್ಯಕ್ತಿಯೊಬ್ಬ ನಡೆದು ಬಂದಿದ್ದಾನೆ, ಕತೆಯಲ್ಲಿ ಮೊದಲೇ ಬಂದಿದ್ದ ಬೊರೊಮಿರ್‌ನ ತಮ್ಮ ಫರಾಮಿರ್, ಎಂದು ಅದರಲ್ಲಿ ಬರೆದಿದ್ದರು. ಬಂದವನು ಗೊಂಡೋರ್, ರೋಹನ್ ರಾಜ್ಯಗಳ ಚರಿತ್ರೆಯನ್ನೆಲ್ಲ ಹೇಳತೊಡಗಿ ಮುಖ್ಯ ಘಟನೆಯನ್ನೇ ತಡೆದು ನಿಲ್ಲಿಸಿದ್ದ. ಹೀಗೇ ಮುಂದುವರಿದರೆ ಅವನ ಮಾತಿನಲ್ಲಿ ಬಹುಪಾಲನ್ನು ಅನುಬಂಧಕ್ಕೆ ಸಾಗಿಸಬೇಕಾದೀತು ಎಂದೂ ಬರೆದರು. ಫರಾಮಿರ್ ಕತೆಯಲ್ಲಿ ಉಳಿದ. ಆ ಲೋಕದ ಚರಿತ್ರೆ, ವಂಶಾವಳಿ, ಲಿಪಿಗಳ ವಿವರ 1955ರಲ್ಲಿ ಕೊನೆಯ ಸಂಪುಟದ ಹಿಂಭಾಗದಲ್ಲಿ ಅನುಬಂಧಗಳಾಗಿ ಅಚ್ಚಾದವು.