ರಥದ ಮೇಲಿನ ಗೋಪುರ
ಹಂಪಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿತ್ತು ಎಂದರೆ ಹೊಸಪೇಟೆಯವರೇ ಎಷ್ಟೋ ಜನ ನಂಬುವುದಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ತೆಗೆದ ಚಿತ್ರದಲ್ಲಿ ಅದಿದೆ, ಈಗಿಲ್ಲ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು.

ನನ್ನ ಸ್ಲೈಡಿನಲ್ಲಿ ಹಳೆಯ ಚಿತ್ರ ಕರಗಿ ಹೊಸದು ಮೂಡುತ್ತದೆ; ಗೋಪುರ ಕಣ್ಣೆದುರೇ ಮಾಯ. ಕಂಪ್ಲಿ, ಸಂಡೂರಿನ ವಿದ್ಯಾರ್ಥಿಗಳ ಮೊಬೈಲಿಗೆಂದು ಅದನ್ನು ಪಿಡಿಎಫ್ ಮಾಡಿದರೆ ಚಲನೆ ಹೋಗಿ, ಮೇಲಿನ ಚಿತ್ರ ಕೆಳಗಿನದನ್ನು ಮುಚ್ಚಿಬಿಡುತ್ತದೆ. ಇತಿಹಾಸವೇ ಮುಚ್ಚಿಹೋದಂತೆ! ವಿಡಿಯೊದಲ್ಲಿ ಚಲನೆ ಉಳಿಯುತ್ತದೆ, ಆದರೆ ಕಡತ ಭಾರ. ಹಾಗಾಗಿ ಎರಡನ್ನೂ ಬೇರೆ ಬೇರೆ ಪುಟಕ್ಕೆ ಹಾಕಿ, ಇಸವಿ ಬರೆದೇ ಪಿಡಿಎಫ್ ಮಾಡುತ್ತೇನೆ. ಹುಡುಗರು ಪುಟವನ್ನು ಹಿಂದೆ ಮುಂದೆ ಸರಿಸುತ್ತ ಬೆರಳ ತುದಿಯಲ್ಲೇ ಗೋಪುರ ಕಟ್ಟುತ್ತಾರೆ, ಕೆಡವುತ್ತಾರೆ.