ಉಪ್ಪಿನ ಹರಳು ಮತ್ತು ಒಂದು ಶತಮಾನದ ವಿಳಂಬ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ರುಚಿಗೆ ಆಶ್ರಯವಾದ ಈ ಉಪ್ಪೇ ಅತಿ ಪ್ರಾಚೀನವಾದ ಒಂದು ವ್ಯಾಧಿಗೆ ಮದ್ದಿನ ವಾಹನವೂ ಆಯಿತು. ಆ ಚರಿತ್ರೆ ಸ್ವಾರಸ್ಯಕರವಾದುದು. ಜೊತೆಗೆ ವಿಷಾದವನ್ನೂ ಉಂಟುಮಾಡುವಂಥದು.

ಕೊರಳಲ್ಲಿ ಜೋತುಬೀಳುವ ಬಾವನ್ನು ಸುಶ್ರುತಸಂಹಿತೆಯು ‘ಗಳಗಂಡ’ವೆಂದು ಕರೆದು ಅದರ ಲಕ್ಷಣಗಳನ್ನು ವಿವರಿಸಿದೆ. ಹಿಮಾಲಯ, ಆಲ್ಪ್ಸ್ ಮೊದಲಾದ ಪರ್ವತಪ್ರದೇಶಗಳಲ್ಲಿ ಇದು ತಲೆತಲಾಂತರದಿಂದ ನೆಲೆಸಿದ್ದ ರೋಗ. ಮಳೆ, ಹಿಮನದಿ ಮತ್ತು ನೆರೆಗಳು ಅಲ್ಲಿಯ ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದು ಕಡಲಿಗೆ ಒಯ್ದಿದ್ದವು. ಕಾರಣವನ್ನು ಅರಿಯದಿದ್ದರೂ ಚೀನದ ವೈದ್ಯರು ಕಡಲಪಾಚಿಯನ್ನು, ಯುರೋಪಿನವರು ಸುಟ್ಟ ಸ್ಪಂಜಿನ ಬೂದಿಯನ್ನು ಇದಕ್ಕೆ ಔಷಧವಾಗಿ ಕೊಡುತ್ತಿದ್ದರು. ಎರಡೂ ಕಡಲಿನ ವಸ್ತುಗಳೇ ಎಂಬುದು ಗಮನಾರ್ಹ.

1811ರಲ್ಲಿ ಬರ್ನಾರ್ಡ್ ಕೂರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞನು ಕಡಲಪಾಚಿಯ ಬೂದಿಗೆ ಗಂಧಕಾಮ್ಲವನ್ನು ಬೆರೆಸಿದಾಗ ನೇರಳೆ ಬಣ್ಣದ ಆವಿ ಎದ್ದಿತು. ಹೀಗೆ ದೊರೆತುದೇ ಅಯೋಡಿನ್. 1820ರಲ್ಲಿ ಜಿನೀವದ ವೈದ್ಯ ಕ್ವಾಂದೆ ಇದನ್ನು ಗಳಗಂಡದ ರೋಗಿಗಳಿಗೆ ಕೊಟ್ಟು ಗುಣವನ್ನು ಕಂಡನು. 1830ರ ದಶಕದಲ್ಲಿ ಬೂಸಿಂಗೋ, ದಕ್ಷಿಣ ಅಮೆರಿಕದಲ್ಲಿ ತಾನು ಕಂಡುದನ್ನು ಆಧರಿಸಿ, ಅಯೋಡಿನ್ ಇರುವ ಉಪ್ಪನ್ನು ಜನರಿಗೆ ಹಂಚಬೇಕೆಂದು ಸೂಚಿಸಿದನು.

ಮದ್ದು ತಿಳಿದಿತ್ತು, ಅದನ್ನು ಮನೆಮನೆಗೆ ಮುಟ್ಟಿಸುವ ದಾರಿಯೂ ತಿಳಿದಿತ್ತು. ಆದರೂ ಲೋಕ ಅದನ್ನು ಕೈಗೊಳ್ಳಲಿಲ್ಲ. ಇದಕ್ಕೆ ಅಜ್ಞಾನಕ್ಕಿಂತ ಅತಿರೇಕವೇ ಹೆಚ್ಚಿನ ಕಾರಣ. ಹಲವರು ಮಿತಿಮೀರಿದ ಪ್ರಮಾಣದಲ್ಲಿ ಅಯೋಡಿನ್ ಸೇವಿಸಿ, ಎದೆಬಡಿತ, ನಡುಕ, ಕೃಶತೆಗಳಿಂದ ಬಳಲಿದರು. ಮದ್ದಿಗೇ ಕೆಟ್ಟ ಹೆಸರು ಬಂದಿತು. ಪ್ರೌಢವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೊಗ್ರಾಂ ಮಾತ್ರ. 70 ವರ್ಷಗಳ ಲೆಕ್ಕ ಹಾಕಿದರೂ ಒಟ್ಟು 4 ಗ್ರಾಂ ಆಗದು. ಇಷ್ಟು ಅಲ್ಪವಾದುದು ಇಷ್ಟು ಅನಿವಾರ್ಯವಾಗಿರಬಲ್ಲದು ಎಂಬುದನ್ನು ಆ ಕಾಲದ ವೈದ್ಯರು ಊಹಿಸಲಾರದೆ ಹೋದರು.

1896ರಲ್ಲಿ ಬೌಮನ್ ಎಂಬ ಜರ್ಮನ್ ವಿಜ್ಞಾನಿ ಥೈರಾಯ್ಡ್ ಗ್ರಂಥಿಯಲ್ಲಿಯೇ ಅಯೋಡಿನ್ ಇರುವುದನ್ನು ಪ್ರಕಟಿಸಿದ ಮೇಲೆ ಸಂದೇಹಗಳು ಕರಗತೊಡಗಿದವು. 1917ರಲ್ಲಿ ಅಮೆರಿಕದ ಆಕ್ರನ್ ನಗರದ ಶಾಲಾಬಾಲಕಿಯರ ಮೇಲೆ ಮರೀನ್ ಮತ್ತು ಕಿಂಬಾಲ್ ಪರೀಕ್ಷೆಯನ್ನು ಆರಂಭಿಸಿದರು. ಅಯೋಡಿನ್ ಸೇವಿಸಿದವರಲ್ಲಿ ಹೊಸದಾಗಿ ಗಳಗಂಡ ತೋರಿದುದು ತೀರ ವಿರಳ. 1922ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1924ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಮಾರಾಟಕ್ಕೆ ಬಂದಿತು. ಬೂಸಿಂಗೋವಿನ ಸೂಚನೆ ಕಾರ್ಯರೂಪಕ್ಕೆ ಬರಲು ಸುಮಾರು ಒಂದು ಶತಮಾನವೇ ಹಿಡಿಯಿತು.

ಭಾರತದಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ ಅಧ್ಯಯನವನ್ನು ಕೈಗೊಂಡರು. ಎರಡು ವಲಯಗಳಿಗೆ ಅಯೋಡಿನ್ ಸೇರಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಕೆಲವೇ ವರ್ಷಗಳಲ್ಲಿ ಮೊದಲೆರಡರಲ್ಲಿ ರೋಗ ಗಣನೀಯವಾಗಿ ಇಳಿಯಿತು, ಮೂರನೆಯದರಲ್ಲಿ ಇಳಿಯಲಿಲ್ಲ. ಇದನ್ನು ಆಧರಿಸಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ನಾವು ನಿಶ್ಚಿಂತೆಯಿಂದ ಬಳಸುವ ಉಪ್ಪಿನ ಹಿಂದೆ, ಸಾದಾ ಉಪ್ಪನ್ನೇ ಉಂಡು ಸಾಕ್ಷ್ಯವಾದ ಆ ಮೂರನೆಯ ವಲಯದ ಜನರ ಋಣವಿದೆ.

ಕೊರಳ ಬಾವು ಕಣ್ಣಿಗೆ ಕಾಣುವಂಥದು. ಕಾಣದ ಹಾನಿ ಅದಕ್ಕಿಂತ ಘೋರ. ಬಸುರಿಯಲ್ಲಿ ಅಯೋಡಿನ್ ತೀವ್ರವಾಗಿ ಕಡಿಮೆಯಾದರೆ ಶಿಶುವಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಆ ನಷ್ಟವನ್ನು ಆಮೇಲೆ ತುಂಬಿಕೊಡಲಾಗದು. ವಿಳಂಬಗೊಂಡ ಆ ಶತಮಾನದಲ್ಲಿ ಹಾಗೆ ಹುಟ್ಟಿದ ಮಕ್ಕಳನ್ನು ಎಣಿಸಿದವರಿಲ್ಲ. ಉಪ್ಪನ್ನೂ ತಾಯಿಯನ್ನೂ ಒಂದೇ ಮಾತಿನಲ್ಲಿ ಪೋಣಿಸಿದ ನಮ್ಮ ಗಾದೆ, ಈ ಚರಿತ್ರೆಯನ್ನು ಓದಿದ ಮೇಲೆ, ಬೇರೊಂದು ಅರ್ಥವನ್ನೂ ಹೊಳೆಯಿಸುತ್ತದೆ.