ಕತ್ತಿಯ ಋಣ, ಮಣ್ಣಿನ ಋಣ

ಹದಿನೆಂಟು ತುಂಬಿದ ಹುಡುಗನ ಮನೆಗೆ ಸರಕಾರದ ಓಲೆ ಬರುವ ದೇಶಗಳು ಜಗತ್ತಿನಲ್ಲಿ ಹಲವಿವೆ. ದಕ್ಷಿಣ ಕೊರಿಯ, ಇಸ್ರೇಲ್, ಸಿಂಗಪುರಗಳಲ್ಲಿ ಓದು, ನೌಕರಿ, ಮದುವೆಗಳೆಲ್ಲ ಆ ಓಲೆಯ ಲೆಕ್ಕಕ್ಕೆ ಹೊಂದಿಕೊಂಡೇ ನಡೆಯಬೇಕು. ಶಿವಮೊಗ್ಗದಲ್ಲೊಂದು, ಭದ್ರಾವತಿಯಲ್ಲೊಂದು ಹೊಸಮನೆ ಉಂಟು. ಈ ಎರಡು ಹೊಸಮನೆಗಳ ಯಾವ ಮನೆಗೂ ಅಂಥ ಓಲೆ ಬಂದುದಿಲ್ಲ. ಸ್ವತಂತ್ರ ಭಾರತವು ತನ್ನ ಸೇನೆಗೆ ಯಾರನ್ನೂ ಬಲವಂತದಿಂದ ಸೇರಿಸಿಕೊಂಡಿಲ್ಲ. ಆದಕಾರಣ ಕಡ್ಡಾಯದ ಸೈನಿಕ ಸೇವೆಯೆಂಬುದು ಪರದೇಶದ ಸಂಗತಿ, ನಮ್ಮ ನೆಲ ಅದನ್ನು ಅರಿಯದು ಎಂದು ನಾವು ತಿಳಿದಿದ್ದೇವೆ. ಈ ತಿಳಿವಳಿಕೆ ಅರ್ಧ ಮಾತ್ರ ನಿಜ. ಕನ್ನಡ ನಾಡಿನಲ್ಲಿ ಕಡ್ಡಾಯವು ವಯಸ್ಸನ್ನು ಹಿಡಿದು ಬರಲಿಲ್ಲ. ಹೊಲಗದ್ದೆಗಳನ್ನು ಹಿಡಿದು ಬಂತು.

ಶಿವಮೊಗ್ಗ ಜಿಲ್ಲೆಯ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡದವರಾರು? ಅವುಗಳಲ್ಲಿ ಸತ್ತವನ ಪರಾಕ್ರಮವನ್ನು ನಾವು ನೋಡುತ್ತೇವೆ, ಉಳಿದವರ ಲೆಕ್ಕವನ್ನು ನೋಡುವುದಿಲ್ಲ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎಂದು ಹೆಸರಿಟ್ಟಿವೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ ಎಂದು ಅರ್ಥ. ಕರೆದವನಿಗೂ ಹೋದವನಿಗೂ ನಡುವೆ ಒಂದು ಋಣವುಂಟು, ಅದನ್ನು ತೀರಿಸದೆ ರಾಜ್ಯ ನಡೆಯದು ಎಂಬ ಒಪ್ಪಂದ ಈ ಒಂದೇ ಮಾತಿನಲ್ಲಿ ಅಡಗಿದೆ.

ಇದೇ ಒಪ್ಪಂದವು ಮುಂದೆ ಆಡಳಿತದ ಕಟ್ಟಳೆಯಾಯಿತು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅಠಾರಾ ಕಚೇರಿಯ ಹದಿನೆಂಟು ಚಾವಡಿಗಳಲ್ಲಿ ‘ಸೀಮೆ ಕಂದಾಚಾರ’, ‘ಬಾಗಿಲು ಕಂದಾಚಾರ’ ಎಂಬ ಎರಡಿದ್ದವು. ಮೊದಲನೆಯದು ನಾಡಿನ ಸೀಮೆಗಳಲ್ಲಿದ್ದ ದಂಡಿನ ಲೆಕ್ಕವನ್ನೂ ಎರಡನೆಯದು ಅರಮನೆಯ ಬಾಗಿಲಲ್ಲಿದ್ದ ದಂಡಿನ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದವು. ಕಂದಾಚಾರದ ಆಳು ಊರಿನಲ್ಲೇ ಇರುವವನು. ಅವನಿಗೆ ಸಂಬಳ ಒಂದಿಷ್ಟು ಹಣ, ಒಂದಿಷ್ಟು ಭೂಮಿ. ಮಳೆಗಾಲಕ್ಕೆ ನೇಗಿಲು, ಕರೆ ಬಂದರೆ ಕತ್ತಿ. ಇಂಥವನ ಮಗನಿಗೆ ಸೇನೆಗೆ ಸಿದ್ಧನಾಗುವುದೆಂದರೆ ಮನೆ ಬಿಟ್ಟು ಹೊರಡುವುದಲ್ಲ. ಊರಿನ ಗರಡಿಯ ಕೆಮ್ಮಣ್ಣಿನಲ್ಲಿ ಮೈ ಪಳಗಿಸುತ್ತ, ತಂದೆಯ ಹೊಲವನ್ನೂ ತಂದೆಯ ಆಯುಧವನ್ನೂ ಒಟ್ಟಿಗೆ ಕೈಗೆ ತೆಗೆದುಕೊಳ್ಳುವುದು.

ಕೊಡಗಿನಲ್ಲಿ ಈ ಕಟ್ಟು ಇನ್ನೂ ಸ್ಪಷ್ಟ. ಅಲ್ಲಿಯ ಜಮ್ಮಾ ಭೂಮಿ ವಂಶಪಾರಂಪರ್ಯದ್ದು. ಅದರ ಕಂದಾಯ ಸಾಗು ಭೂಮಿಯ ಕಂದಾಯದ ಅರ್ಧ. ಉಳಿದರ್ಧವನ್ನು ರಾಜನು ಕರೆದಾಗ ಆಯುಧ ಹಿಡಿದು ಬಂದು ತೀರಿಸಬೇಕು. ಹೀಗಾಗಿ ಸಿದ್ಧತೆ ತೊಟ್ಟಿಲಿನಿಂದಲೇ ಮೊದಲಾಗುತ್ತಿತ್ತು. ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಅದರ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ಕೊಡವರ ಪದ್ಧತಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಕರೆಯುವ ರಾಜನೇ ಇಲ್ಲವಾದನು. ಆದರೆ 1861ರಲ್ಲಿ ಆಯುಧ ಕಾನೂನಿನಿಂದ ಕೊಡವರಿಗೆ ದೊರೆತ ವಿನಾಯಿತಿ ಉಳಿಯಿತು. ಭಾರತ ಸರಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಋಣದ ಕಟ್ಟು ಎಷ್ಟು ಬಾಳುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಇದೇ ನಾಡು ಋಣವಿಲ್ಲದ ಕಡ್ಡಾಯವನ್ನೂ ಕಂಡಿದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದಾಗ, ಕೊನೆಯ ಮದಕರಿನಾಯಕನ ಬಲವೆನಿಸಿದ್ದ ಬೇಡರಲ್ಲಿ ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅವರಲ್ಲಿದ್ದ ಹುಡುಗರನ್ನು ಬೇರ್ಪಡಿಸಿ, ಮತಾಂತರಿಸಿ, ‘ಚೇಲಾ’ ಪಡೆಗಳಾಗಿ ಕಟ್ಟಲಾಯಿತು. ಆ ಹುಡುಗರನ್ನು ಯಾರೂ ಕೇಳಲಿಲ್ಲ, ಅವರ ತಂದೆತಾಯಿಗಳನ್ನೂ ಕೇಳಲಿಲ್ಲ. ಅವರಿಗೆ ಕವಾಯತು ಕಲಿಸಿದರು; ಹಿಂದಿರುಗಲು ಊರನ್ನು ಉಳಿಸಲಿಲ್ಲ.

ಇಂಥ ಪಡೆಯಿಂದ ಒಳ್ಳೆಯ ಸಿಪಾಯಿಗಳು ಹುಟ್ಟಲಿಲ್ಲವೆಂದು ಹೇಳಲಾಗದು. ಮಲಬಾರಿನ ಚಿರಕ್ಕಲ್ ಸೀಮೆಯಿಂದ ಸೆರೆಯಾಗಿ ಬಂದ ಒಬ್ಬ ನಾಯರ್ ಹುಡುಗ ಹೈದರನ ಮೆಚ್ಚಿನ ಚೇಲಾ ಆಗಿ ಬೆಳೆದು, ಶೇಖ್ ಅಯಾಜ್ ಎಂಬ ಹೆಸರಿನಿಂದ ಬಿದನೂರಿನ ಅಧಿಕಾರಿಯಾದನು. 1763ರವರೆಗೆ ಕೆಳದಿಯ ಅರಸರ ರಾಜಧಾನಿಯಾಗಿದ್ದ, ಹೈದರನು ‘ಹೈದರನಗರ’ವೆಂದು ಕರೆದ, ಇಂದು ಹೊಸನಗರ ತಾಲ್ಲೂಕಿನ ನಗರವೆನಿಸಿರುವ ಊರೇ ಇದು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಟಿಪ್ಪುವಿಗೂ ಅಯಾಜನಿಗೂ ಮೊದಲಿನಿಂದ ಸರಿಬೀಳದು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ದಂಡು ಘಟ್ಟವೇರಿ ಬಂದಾಗ ಅಯಾಜನು ಬಿದನೂರನ್ನು ಅವನಿಗೆ ಒಪ್ಪಿಸಿಬಿಟ್ಟನು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದುದು ನಿಜ. ಆದರೆ ಈ ಪ್ರಸಂಗದ ಪಾಠ ಬೇರೆ. ಅಯಾಜನ ನಿಷ್ಠೆ ಒಬ್ಬ ಒಡೆಯನಿಗೆ ಕಟ್ಟುಬಿದ್ದಿತ್ತು, ನಾಡಿಗಲ್ಲ. ಒಡೆಯನು ಕಣ್ಮುಚ್ಚಿದೊಡನೆ ಆ ಗಂಟು ಬಿಚ್ಚಿತು.

ಬ್ರಿಟಿಷರು ಭಾರತೀಯರ ಮೇಲೆ ಕಾನೂನಿನ ಕಡ್ಡಾಯ ಹೇರಲಿಲ್ಲ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಅವರು ಮಾಡಿದ ಭಾರತೀಯ ರಕ್ಷಣಾ ದಳದ ಕಾನೂನು ಇಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಕಡ್ಡಾಯವಾಗಿತ್ತು. ಭಾರತೀಯರು ಇಷ್ಟವಿದ್ದರೆ ಸೇರಬಹುದಿತ್ತು. ಕಡ್ಡಾಯದ ನೆರಳು ನಮ್ಮ ಮಧ್ಯಮ ವರ್ಗದ ಮನೆಗಳ ಮೇಲೆ ಬಿದ್ದುದು 1962ರ ಚೀಣೀ ಆಕ್ರಮಣದ ತರುವಾಯ. 1963ರಲ್ಲಿ ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. ಅಡಿಕೆ ತೋಟದ ಮನೆಯವನೂ ಕಬ್ಬಿಣದ ಕಾರ್ಖಾನೆಯ ನೌಕರನ ಮಗನೂ ಖಾಕಿ ತೊಟ್ಟು, ಬೂಟಿಗೆ ಪಾಲಿಶ್ ಹಚ್ಚಿ, ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಜಾತಿ, ಭೂಮಿ, ವಂಶ ಯಾವುದನ್ನೂ ಕೇಳದೆ ಎಲ್ಲರಿಗೂ ಒಂದೇ ಎಡ–ಬಲ ಕಲಿಸಿದುದು ಅದರ ಹಿರಿಮೆ. ಆದರೆ ಯುದ್ಧದ ಬಿಸಿ ಆರಿದಂತೆ ಕಡ್ಡಾಯದ ಅರ್ಥವೂ ಆರಿತು. 1968ರಲ್ಲಿ ಅದು ಮತ್ತೆ ಐಚ್ಛಿಕವಾಯಿತು.

ಆ ಅಧಿಕಾರವನ್ನು ಗಣರಾಜ್ಯವು ಬಿಟ್ಟುಕೊಟ್ಟಿಲ್ಲವೆಂಬುದನ್ನು ಮರೆಯಬಾರದು. ಬಿಟ್ಟಿ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೆಯ ವಿಧಿಯೇ, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸಲು ಸರಕಾರಕ್ಕೆ ಅವಕಾಶವಿತ್ತಿದೆ. ಹಾಗೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗಗಳ ಭೇದ ಮಾತ್ರ ಕೂಡದು. ಇಂದಿಗೂ ಆ ಓಲೆ ಬಂದಿಲ್ಲ. ಹೊಸಮನೆಯ ಹುಡುಗ ಸೇನೆಗೆ ಹೋಗಬೇಕೆಂದರೆ ತಾನಾಗಿಯೇ ಹೋಗುತ್ತಾನೆ: 1.6 ಕಿಲೋಮೀಟರು ಓಡುವುದನ್ನೂ 9 ಅಡಿಯ ಹಳ್ಳ ಹಾರುವುದನ್ನೂ ಅಭ್ಯಾಸ ಮಾಡುತ್ತಾನೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಅವನ ಸೇವೆ ನಾಲ್ಕು ವರ್ಷ. ಅನಂತರ ಉಳಿಯುವವರು ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ. ಉಳಿದವರಿಗೆ ಒಂದು ಗಂಟು ಹಣ ಉಂಟು, ಪಿಂಚಣಿಯಿಲ್ಲ.

ಅದು ಸಾಕೇ, ಸಾಲದೇ ಎಂಬುದನ್ನು ಪಂಡಿತರು ಚರ್ಚಿಸುತ್ತಿದ್ದಾರೆ. ಆ ಚರ್ಚೆಗೆ ಕೂರುವವರು ಒಮ್ಮೆ ನಮ್ಮ ಜಿಲ್ಲೆಯ ವೀರಗಲ್ಲುಗಳ ಮುಂದೆ ನಿಂತು ಬರುವುದು ಮೇಲು. ಹುಡುಗನ ಸಿದ್ಧತೆಯನ್ನು ಅಳೆಯುವ ಟೇಪು, ಗಡಿಯಾರಗಳು ನಮ್ಮಲ್ಲಿವೆ. ಅವನನ್ನು ಕರೆಯುವವರ ಸಿದ್ಧತೆಯನ್ನು ಅಳೆಯಲು ನಮ್ಮ ಹಿರಿಯರ ಬಳಿ ಒಂದು ಮಾತಿತ್ತು: ನೆತ್ತರುಗೊಡಗೆ.